ಮಾರ್ಕಿನ ಪಟ್ಟಿಲಿ ಆಸರಿಂಗೆ ಜಾಗೆ ಇಲ್ಲೆ

ಕಳುದ ಎಪ್ರಿಲಿಲಿ ಊರಿಂಗೆ ಹೋಗಿಪ್ಪಗ ಒಂದು ಉಪನಯನದ ಮನೆಲಿ, ಊಟ ಆಗಿ ಎಲೆ ತಿಂಬಲೆ ಚಾವಡಿಲಿ ಕೂದಪ್ಪಗ, ಎನ್ನ ಭಾವ ಒಂದು ಮಾತು ಹೇಳಿದವು. ಅವು ಬ್ಯಾಂಕಿಲಿ ಮೂವತ್ತೈದು ವರ್ಷ ದುಡುದವು. ಯೇವದಕ್ಕೇ ಆಗಲಿ ಒಂದು ಪಟ್ಟಿ, ಒಂದು ಲೆಕ್ಕ ಇದ್ದರೆ ಅವಕ್ಕೆ ಸಮಾಧಾನ.

"ನಿಂಗಳ ಇಂಗ್ಲೆಂಡಿಲಿ ಸರಕಾರವೇ ಮಾರ್ಕು ಕೊಡ್ತಡ ಅಲ್ಲದಾ? ಮರೆವಿನ ಕಾಯಿಲೆಯವರ ಯೇವ ಊರಿಲಿ ಲಾಯ್ಕ ನೋಡಿಗೊಳ್ತವು, ಯೇವ ಊರಿಲಿ ಇಲ್ಲೆ, ಯೇವ ಆಶ್ರಮ ಒಳ್ಳೆದು, ಎಲ್ಲ ಬರದು ಹಾಕುತ್ತವಡ. ನಮ್ಮಲ್ಲಿ ಎಂತ ಇದ್ದು? ಪೈಸೆ ಕೊಡುದು, ಮತ್ತೆ ದೇವರೇ ಗತಿ ಹೇಳುದು."

ಸುತ್ತ ಕೂದೋರೆಲ್ಲ ತಲೆ ಆಡ್ಸಿದವು. ಭಾವಂಗೆ ಇದು ಬರೇ ಮಾತಲ್ಲ. ಅವರ ಅಬ್ಬೆಗೆ ಎಂಬತ್ತನಾಲ್ಕು ಪ್ರಾಯ. ಎರಡು ವರ್ಷಂದ ಅರಳುಮರಳು. ಇರುಳು ಎದ್ದು ಹಟ್ಟಿಗೆ ಹೋಗಿ, ಹದಿನೈದು ವರ್ಷ ಮದಲೇ ಮಾರಿದ ದನವ ಹುಡ್ಕುತ್ತು. ಎನ್ನ ಅಕ್ಕಂಗೆ ಒರಕ್ಕಿಲ್ಲದ್ದೆ ಕಣ್ಣು ಗುಂಡಿಗೆ ಹೋಯಿದು. ಮಂಗ್ಳೂರಿಲಿ ಯೇವದಾರು ಒಳ್ಳೆ ಜಾಗೆ ಇದ್ದೋ ಹೇಳಿ ಅವು ಹುಡ್ಕುತ್ತಾ ಇದ್ದವು.

ಆನು ಅಂದು ಎಂತದೂ ಹೇಳಿದ್ದಿಲ್ಲೆ. ಜೆಂಬಾರದ ಮನೆಲಿ ಚರ್ಚೆ ಮಾಡ್ಲಾಗ, ಅದುದೇ ಭಾವನ ಹತ್ರೆ. ಆದರೆ ವಿಮಾನಲ್ಲಿ ಬಪ್ಪಗ ಪೂರಾ ಅದೇ ತಲೆಲಿ ತಿರುಗಿತ್ತು. ಹಾಂಗಾಗಿ ಇಲ್ಲಿ ಬರೆತ್ತಾ ಇದ್ದೆ. ಭಾವ, ನಿಂಗೊ ಇದರ ಓದ್ತಿ ಹೇಳಿ ಗೊಂತಿದ್ದು, ಬೇಜಾರ ಮಾಡೆಡಿ. ಆ ಮಾರ್ಕಿನ ನೋಡಿ ನಿಂಗಳ ಅಬ್ಬೆಯ ಆರ ಕೈಲಿಯೂ ಕೊಡೆಡಿ. ಅಲ್ಲಿಯಾಣ ಮಾರ್ಕೂ ಅಷ್ಟೆ, ನಾಳಂಗೆ ನಮ್ಮಲ್ಲಿ ಬಪ್ಪ ಮಾರ್ಕೂ ಅಷ್ಟೆ.

ಎನ್ನ ದೊಡ್ಡಮ್ಮನ ಕತೆ ಹೇಳ್ತೆ.

ದೊಡ್ಡಮ್ಮ 1974ರಲ್ಲಿ ದೊಡ್ಡಪ್ಪನೊಟ್ಟಿಂಗೆ ಇಂಗ್ಲೆಂಡಿಂಗೆ ಬಂದದು. ದೊಡ್ಡಪ್ಪ ಎನ್‌ಎಚ್‌ಎಸ್ಸಿಲಿ ಡಾಕ್ಟ್ರು. ಬಂದ ಸುರುವಿಂಗೆ ದೊಡ್ಡಮ್ಮಂಗೆ ಇಂಗ್ಲೀಷು ಬಕ್ಕು ಹೇಳಿರೆ ಪುಸ್ತಕದ ಇಂಗ್ಲೀಷು. ಹತ್ತು ವರ್ಷಲ್ಲಿ ನೆರೆಕರೆಯ ಹೆಮ್ಮಕ್ಕಳ ಒಟ್ಟಿಂಗೆ ಅವರ ಹಾಂಗೇ ಮಾತಾಡ್ಲೆ ಕಲ್ತತ್ತು, ಕಾರು ಬಿಡ್ಲೆ ಕಲ್ತತ್ತು, ಶಾಲೆಯ ಲೈಬ್ರೆರಿಲಿ ಕೆಲಸ ಮಾಡಿತ್ತು. ಮನೆ ಒಳ ಮಾಂತ್ರ ನಮ್ಮ ಭಾಷೆ. ಆನು ಮದುವೆ ಆಗಿ ಇಲ್ಲಿಗೆ ಬಂದಪ್ಪಗ ವಿಮಾನ ನಿಲ್ದಾಣಂದ ಸೀದಾ ಹೋದ್ದು ಅದರ ಮನೆಗೆ. ಬಾಗಿಲು ತೆಗದ ಕೂಡ್ಲೆ ಕೇಳಿತ್ತು, "ಆಸರಿಂಗೆ ಎಂತ ಬೇಕು ಮಗಳೇ?" ಅಷ್ಟು ದೂರಲ್ಲಿ ಆ ಮಾತು ಕೇಳಿ ಎನಗೆ ಕೂಗಲೆ ಬಂದಿತ್ತು. ನಮ್ಮ ಮನೆಗಳಲ್ಲಿ ಆರೇ ಬರಲಿ, ಮದಾಲು ಬಪ್ಪ ಪ್ರಶ್ನೆ ಅದುವೇ ಅಲ್ಲದಾ? ಬೆಲ್ಲವೋ ನೀರೋ ಮಜ್ಜಿಗೆಯೋ ಕೊಟ್ಟಿಕ್ಕಿಯೇ ಬಾಕಿ ಮಾತು.

2015ರಲ್ಲಿ ಶುರುವಾತು. ಮೇಲಾರಕ್ಕೆ ಎರಡು ಸರ್ತಿ ಉಪ್ಪು ಹಾಕುದು. ಕಾರು ನಿಲ್ಸಿದ ಜಾಗೆ ಮರದು ಬಸ್ಸಿಲಿ ಮನೆಗೆ ಬಪ್ಪದು. ದೊಡ್ಡಪ್ಪ ಅಷ್ಟಪ್ಪಗ ತೀರಿಹೋಗಿ ಮೂರು ವರ್ಷ. ದೊಡ್ಡಮ್ಮನ ಮಗಳು, ಎನಗೆ ತಂಗೆ ಆಯೆಕ್ಕು, ಎಡಿನ್‌ಬರಾಲ್ಲಿ ಕೆಲಸಲ್ಲಿ ಇಪ್ಪದು. ಹತ್ರೆ ಇಪ್ಪದು ಆನು. ಮೆಮೊರಿ ಕ್ಲಿನಿಕ್ಕಿಂಗೆ ಆನೇ ಕರಕ್ಕೊಂಡು ಹೋದೆ. ಡಿಮೆನ್ಶಿಯಾ ಹೇಳಿದವು.

ಭಾವ ಹೇಳಿದ ಹಾಂಗಿಪ್ಪ ಪಟ್ಟಿ ಬಂದದು ಮರುವರ್ಷ, 2016ರಲ್ಲಿ. ಅಂಬಗ ಇಂಗ್ಲೆಂಡಿನ ಆರೋಗ್ಯ ವ್ಯವಸ್ಥೆಯ 209 ಪ್ರದೇಶ ಮಾಡಿ, ಕ್ಲಿನಿಕಲ್ ಕಮಿಶನಿಂಗ್ ಗ್ರೂಪ್ ಹೇಳ್ತ ಸಮಿತಿಗಳ ಕೈಲಿ ಕೊಟ್ಟಿತ್ತಿದ್ದವು. ಕ್ಯಾನ್ಸರು, ಸಕ್ಕರೆ ಕಾಯಿಲೆ, ಬಾಳಂತನ ಹೇಳಿ ಒಂದೊಂದಕ್ಕೆ ಮಾರ್ಕು, ಡಿಮೆನ್ಶಿಯಾಕ್ಕುದೇ ಒಂದು. ಎಲ್ಲೋರಿಂದ ಮುಂದೆ ಇದ್ದು, ಲಾಯ್ಕ ನಡೆತ್ತಾ ಇದ್ದು, ಸುಧಾರಣೆ ಬೇಕು, ಸುಧಾರಣೆ ತುಂಬಾ ಬೇಕು, ಹೀಂಗೆ ನಾಲ್ಕು ತರಗತಿ. ಎಂಗಳ ಪ್ರದೇಶಕ್ಕೆ ಮೇಗಾಣ ತರಗತಿ ಸಿಕ್ಕಿತ್ತು. ನೆರೆಮನೆಯ ಅಜ್ಜಿ ಪೇಪರು ಹಿಡ್ಕೊಂಡು ಬಂದು "ನಿನ್ನ ಆಂಟಿ ಅದೃಷ್ಟವಂತೆ" ಹೇಳಿತ್ತು.

ಎನಗೆ ಆಶ್ಚರ್ಯ ಆತು. ಎಂತಕೆ ಹೇಳಿರೆ ಆ ಒಂದು ವರ್ಷಲ್ಲಿ ದೊಡ್ಡಮ್ಮನ ಬಾಗಿಲಿಂಗೆ ಒಂದು ನರಪ್ರಾಣಿ ಬಯಿಂದಿಲ್ಲೆ. ಕ್ಲಿನಿಕ್ಕಿಂದ ಒಂದು ಕಟ್ಟು ಚೀಟಿ ಕೊಟ್ಟು ಕಳ್ಸಿತ್ತಿದ್ದವು, ಅಷ್ಟೆ. ಅಂಬಗ ಈ ಮಾರ್ಕು ಎಂತರ ನೋಡಿ ಕೊಟ್ಟದು? ಹುಡ್ಕಿ ಓದಿದೆ. ಎರಡೇ ಎರಡು ಸಂಖ್ಯೆ ನೋಡಿ ಕೊಟ್ಟದು.

ಸುರುವಾಣ ಸಂಖ್ಯೆ ಇದು: ಈ ಪ್ರದೇಶಲ್ಲಿ ಡಿಮೆನ್ಶಿಯಾ ಇಕ್ಕು ಹೇಳಿ ಅಂದಾಜು ಮಾಡಿದವರಲ್ಲಿ, ಎಷ್ಟು ಜೆನರ ಹೆಸರು ಡಾಕ್ಟ್ರಕ್ಕಳ ಪಟ್ಟಿಲಿ ಬರದ್ದವು? ಮೂರರಲ್ಲಿ ಎರಡು ಪಾಲು ಇರೆಕ್ಕು ಹೇಳಿ ಗುರಿ. ಆ ಅಂದಾಜುದೇ ಮನೆ ಮನೆಗೆ ಹೋಗಿ ಎಣಿಸಿದ್ದಲ್ಲ. ಕೇಂಬ್ರಿಜ್‌ಶೈರ್, ನ್ಯೂಕಾಸಲ್, ನಾಟಿಂಗ್‌ಹ್ಯಾಮ್ ಹೇಳಿ ಮೂರು ಕಡೆಲಿ 65 ದಾಂಟಿದವರ ನೋಡಿ ಮಾಡಿದ, 2013ರಲ್ಲಿ ಬಂದ ಒಂದು ಅಧ್ಯಯನ ಇದ್ದು. ನೂರರಲ್ಲಿ ಸುಮಾರು ಆರೂವರೆ ಜೆನಕ್ಕೆ ಈ ಕಾಯಿಲೆ ಇದ್ದು ಹೇಳಿ ಅದರಲ್ಲಿ ಕಂಡದು. ಆ ಲೆಕ್ಕವ ಪ್ರಾಯ ನೋಡಿ, ಗೆಂಡೋ ಹೆಣ್ಣೋ ನೋಡಿ, ಎಲ್ಲ ಊರಿಂಗೂ ಹರಡಿದವು. ಅಧ್ಯಯನ ತಪ್ಪು ಹೇಳಿ ಆನು ಹೇಳ್ತಿಲ್ಲೆ. ಅದರ ಉಪಯೋಗ ಬೇರೆ. ಆದರೆ ಪಟ್ಟಿಲಿ ಹೆಸರು ಇಪ್ಪದಕ್ಕೂ ಆರೈಕೆಗೂ ಎಂತ ಸಂಬಂಧ? ಜೆಂಬಾರಕ್ಕೆ ಎಷ್ಟು ಮನೆಗೆ ಹೇಳಿಕೆ ಹೋಯಿದು ಹೇಳಿ ಎಣಿಸಿ, ಊಟ ಲಾಯ್ಕ ಆಯಿದು ಹೇಳಿದ ಹಾಂಗೆ ಆತು ಇದು.

ಆ ಹೆಸರು ಹೆಚ್ಚು ಮಾಡ್ಲೆ ಎಂತ ಮಾಡಿದವು ಗೊಂತಿದ್ದೋ? 2014ರ ಅಕ್ಟೋಬರಿಲಿ, ಹೊಸತ್ತಾಗಿ ಪಟ್ಟಿಗೆ ಸೇರ್ಸಿದ ಒಂದೊಂದು ಹೆಸರಿಂಗೆ ಡಾಕ್ಟ್ರಕ್ಕೊಗೆ 55 ಪೌಂಡು ಕೊಡ್ತೆಯೊ ಹೇಳಿದವು. ಅಡಕ್ಕೆ ಕೊಯಿವವಕ್ಕೆ ಮರ ಲೆಕ್ಕಲ್ಲಿ ಪೈಸೆ ಕೊಟ್ಟ ಹಾಂಗೆ. ಡಾಕ್ಟ್ರಕ್ಕಳೇ ಬೊಬ್ಬೆ ಹೊಡದವು, ಮರುವರ್ಷ ಮಾರ್ಚಿಲಿ ಅದು ನಿಂದತ್ತು.

ಎರಡನೇ ಸಂಖ್ಯೆ: ಪಟ್ಟಿಲಿ ಇಪ್ಪವರಲ್ಲಿ ಎಷ್ಟು ಜೆನರ ಆರೈಕೆ ಯೋಜನೆಯ ಕಳುದ ಹನ್ನೆರಡು ತಿಂಗಳಿಲಿ ಎದುರೆದುರು ಕೂದು ಒಂದರಿ ಪರಿಶೀಲಿಸಿದ್ದವು? ಓದುವಗ ಲಾಯ್ಕ ಇದ್ದು. ದೊಡ್ಡಮ್ಮನದ್ದು ಆದ್ದರ ಆನು ಕಣ್ಣಾರೆ ಕಂಡಿದೆ. ಸರ್ಜರಿಲಿ ಒಬ್ಬ ನರ್ಸು. ಒಳ್ಳೆ ಹೆಮ್ಮಕ್ಕಳೇ, ಪಾಪ, ಹೆರ ಹದಿನೈದು ಜೆನ ಕಾದೊಂಡು ಇತ್ತಿದ್ದವು. ಕಂಪ್ಯೂಟರಿಲಿ ಒಂದು ಪುಟ ತೆಗದತ್ತು. ಒರಕ್ಕು ಬತ್ತೋ, ಊಟ ಮಾಡ್ತೋ, ಬಿದ್ದಿದೋ? ಕೇಳಿದ್ದು ಎನ್ನ ಹತ್ರೆ, ದೊಡ್ಡಮ್ಮನ ಹತ್ರೆ ಅಲ್ಲ. ದೊಡ್ಡಮ್ಮ ಗೋಡೆಲಿಪ್ಪ ಗಡಿಯಾರ ನೋಡಿಗೊಂಡು ಕೂದಿತ್ತು. ಹನ್ನೆರಡು ನಿಮಿಷಲ್ಲಿ ಮುಗುತ್ತು. ಎದುರೆದುರು ಕೂದದು ಅಪ್ಪಾದ್ದೇ. ಕಂಪ್ಯೂಟರಿಲಿ ಒಂದು ಗೆರೆ ಬಿದ್ದತ್ತು. ಆ ಗೆರೆಗೆ ಸರ್ಜರಿಗೆ ಪೈಸೆ ಬತ್ತು, ಪ್ರದೇಶಕ್ಕೆ ಮಾರ್ಕು ಬತ್ತು. ದೊಡ್ಡಮ್ಮಂಗೆ ಎಂತ ಬಂತು ಹೇಳಿ ಎನಗೆ ಈಗಳೂ ಗೊಂತಿಲ್ಲೆ.

ಆ ಸಮಿತಿಗೊ 2022ರಲ್ಲಿ ಮುಗುದವು. ಅದರ ಬದಲಿಂಗೆ 42 ದೊಡ್ಡ ಮಂಡಳಿಗೊ ಬಂದವು. ಆದರೆ ಹೆಸರಿನ ಶೇಕಡಾ ಲೆಕ್ಕ ಈಗಳೂ ತಿಂಗಳು ತಿಂಗಳು ಬತ್ತು.

ಅದೇ 2022ರಲ್ಲಿ ದೊಡ್ಡಮ್ಮನ ಕೇರ್ ಹೋಮಿಂಗೆ ಸೇರ್ಸೆಕ್ಕಾಗಿ ಬಂತು. ಇರುಳು ಬಾಗಿಲು ತೆಗದು ರಸ್ತೆಗೆ ಹೋಪಲೆ ಶುರುಮಾಡಿತ್ತು. ಎಂಗಳ ಮನೆಲಿ ಮಡಿಕ್ಕೊಂಬಲೆ ನೋಡಿದೆ, ನಾಲ್ಕು ತಿಂಗಳು. ಎಡಿಗಾಯಿದಿಲ್ಲೆ. ಆರಿಂಗಾರು ಬೈಯೆಕ್ಕು ಹೇಳಿ ಇದ್ದರೆ ಇಲ್ಲಿಯೇ ಬೈದಿಕ್ಕಿ.

ಜಾಗೆ ಹುಡ್ಕುವಗ ಆನುದೇ ಭಾವನ ಹಾಂಗೇ ಮಾರ್ಕು ನೋಡಿಯೇ ಹೋದ್ದು. ಇಲ್ಲಿ ಕೇರ್ ಹೋಮುಗೊಕ್ಕೆ ಮಾರ್ಕು ಕೊಡುವದು ಸಿಕ್ಯುಸಿ, ಹೇಳಿರೆ ಕೇರ್ ಕ್ವಾಲಿಟಿ ಕಮಿಶನ್ ಹೇಳ್ತ ಸಂಸ್ಥೆ. ಸುರಕ್ಷಿತವೋ, ಪರಿಣಾಮ ಇದ್ದೋ, ಪ್ರೀತಿಲಿ ನೋಡ್ತವೋ, ಬೇಕಾದ್ದಕ್ಕೆ ಸ್ಪಂದಿಸುತ್ತವೋ, ಆಡಳಿತ ಸರಿ ಇದ್ದೋ ಹೇಳಿ ಐದು ಪ್ರಶ್ನೆ. ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಅಡಿಕ್ವೇಟ್ ಹೇಳಿ ನಾಲ್ಕು ಉತ್ತರ. 2015ರಿಂದ ಅದರ ಬಾಗಿಲ ಹತ್ರೆ ಎಲ್ಲೋರಿಂಗೂ ಕಾಂಬ ಹಾಂಗೆ ಹಾಕೆಕ್ಕು ಹೇಳಿ ಕಾನೂನೇ ಇದ್ದು. ಎಂಗೊ ನೋಡಿದ ಮನೆಗೆ ಐದಕ್ಕೆ ಐದೂ ಗುಡ್. ಹೆಸರು ಹೇಳ್ತಿಲ್ಲೆ, ಎನ್ನ ಜಗಳ ಆ ಮನೆಯ ಹತ್ರೆ ಅಲ್ಲ. ಬಾಗಿಲಿಲಿ ಹೂಗಿನ ಚಟ್ಟಿ, ಒಳ ಹೋದರೆ ವಾಸನೆ ಇಲ್ಲೆ, ಗೋಡೆಲಿ ಹಳೇ ಸಿನೆಮಾದ ಚಿತ್ರಂಗೊ. ತಂಗೆಗೂ ಎನಗೂ ಮನಸ್ಸು ಹಗುರ ಆತು.

ಅಷ್ಟಪ್ಪಗ ದೊಡ್ಡಮ್ಮನ ಇಂಗ್ಲೀಷು ಹೋಪಲೆ ಶುರುವಾಗಿತ್ತು. ಮತ್ತೆ ಕಲ್ತ ಭಾಷೆ ಮದಾಲು ಹೋಪದು, ಅಬ್ಬೆಯ ಬಾಯಿಂದ ಕಲ್ತದು ಅಕೇರಿಗೆ ಒಳಿವದು, ಈ ಕಾಯಿಲೆಲಿ ಸುಮಾರು ಜೆನಕ್ಕೆ ಆವುತ್ತು. ಐವತ್ತು ವರ್ಷದ ಇಂಗ್ಲೀಷು ಒಂದು ಚಳಿಗಾಲಲ್ಲಿ ಉದುರಿತ್ತು. ಒಳುದ್ದು ಇದೇ ಭಾಷೆ, ಆನೀಗ ಬರೆತ್ತಾ ಇಪ್ಪದು. ಕನ್ನಡವೂ ಅಲ್ಲ ನೋಡಿ, ಶಾಲೆಲಿ ಕಲ್ತ ಕನ್ನಡವೂ ಹೋತು. ಹಟ್ಟಿ, ಜಾಲು, ಅಟ್ಟ, ಆಸರು, ಇಷ್ಟೇ.

ಫೈಲಿಲಿ ಭಾಷೆ ಹೇಳ್ತಲ್ಲಿ "ಇಂಗ್ಲೀಷು, ಇಂಡಿಯನ್" ಹೇಳಿ ಬರದಿತ್ತಿದ್ದವು. ಇಂಡಿಯನ್! ಸರಿ ಮಾಡಿ ಹೇಳಿ ಮೂರು ಸರ್ತಿ ಹೇಳಿದೆ, ಮಾಡ್ತೆಯೊ ಹೇಳಿದವು.

2023ರ ಜೂನಿಲಿ ಒಂದು ವಾರ ಸೆಕೆ ಇತ್ತು. ಆನು ಮಗಳ ಪರೀಕ್ಷೆ ಹೇಳಿ ಹತ್ತು ದಿನ ಹೋಯಿದಿಲ್ಲೆ. ಹನ್ನೊಂದನೇ ದಿನ ಫೋನು ಬಂತು: ದೊಡ್ಡಮ್ಮನ ಆಸ್ಪತ್ರೆಗೆ ಕೊಂಡೋಯಿದವು. ಮೈಲಿ ನೀರಿಲ್ಲೆ, ಮೂತ್ರಕ್ಕೆ ಸೋಂಕು, ಅದರಿಂದಾಗಿ ಬುದ್ಧಿ ಮತ್ತೂ ಕಲಂಕಿದ್ದು.

ಕೇರ್ ಹೋಮಿನ ದಿನಚರಿಯ ಪುಟಂಗಳ ಕೇಳಿ ತೆಕ್ಕೊಂಡೆ. ಪ್ರತಿ ದಿನವೂ ತುಂಬಿದ್ದವು, ಒಂದೇ ಒಂದು ಮನೆ ಖಾಲಿ ಇಲ್ಲೆ. ಉದಿಯಪ್ಪಗ ಎಂಟಕ್ಕೆ, ಹತ್ತೂವರೆಗೆ, ಮಧ್ಯಾಹ್ನ, ಮೂರಕ್ಕೆ, ಹೊತ್ತೋಪಗ, ಎಲ್ಲ ಸರ್ತಿಯೂ "ದ್ರವ ಕೊಡಲಾಗಿದೆ, 200 ಮಿಲಿ". ಕೊಡಲಾಗಿದೆ. ಕುಡುದ್ದೋ ಇಲ್ಲೆಯೋ ಹೇಳಿ ಎಲ್ಲಿಯೂ ಇಲ್ಲೆ. ಮೇಜಿನ ಮೇಗೆ ಕಪ್ಪು ಮಡಿಗಿ ಹೋದರೆ ಕೊಟ್ಟ ಹಾಂಗೆ. ಎದುರು ಇಪ್ಪದು ಕುಡಿವಲೆ ಇಪ್ಪ ಕಪ್ಪು ಹೇಳಿ ಗೊಂತಪ್ಪ ತಲೆ ಇದ್ದಿದ್ದರೆ ದೊಡ್ಡಮ್ಮ ಅಲ್ಲಿ ಎಂತಕೆ ಇರ್ತಿತ್ತು? ಅದೇ ಪುಟದ ಕರೆಲಿ ಎರಡು ದಿನ ಬೇರೆ ಬೇರೆ ಕೈ ಅಕ್ಷರಲ್ಲಿ ಒಂದೇ ಮಾತು: "ಅರ್ಥವಿಲ್ಲದ ಶಬ್ದವನ್ನು ಮತ್ತೆ ಮತ್ತೆ ಮಾಡುತ್ತಿದ್ದಾರೆ."

ಯೇವ ಶಬ್ದ ಹೇಳಿ ಎನಗೆ ಆಸ್ಪತ್ರೆಲಿ ಗೊಂತಾತು. ಅಲ್ಲಿ ನಿಯಮ ಪ್ರಕಾರ ಫೋನಿಲಿ ಒಬ್ಬ ಕನ್ನಡದ ಅನುವಾದಕರ ಹಿಡುದು ಕೊಟ್ಟವು. ಬೆಂಗ್ಳೂರು ಕಡೆಯವು, ಒಳ್ಳೆ ಮರ್ಯಾದೆಯ ಮಾತು, "ಅಮ್ಮಾ, ಏನಾಗ್ತಿದೆ ಹೇಳಿ" ಹೇಳಿ ಕೇಳಿದವು. ದೊಡ್ಡಮ್ಮ ಒಣಗಿದ ಬಾಯಿಲಿ ಹೇಳಿತ್ತು, "ಆಸರು... ಆಸರಾವುತ್ತು." ಫೋನಿನ ಆಚ ಹೊಡೆಲಿ ಒಂದು ಗಳಿಗೆ ಮೌನ. ಮತ್ತೆ ಅವು ಡಾಕ್ಟ್ರಕ್ಕೊಗೆ ಇಂಗ್ಲೀಷಿಲಿ ಹೇಳಿದವು: "ಅವರಿಗೆ ಆಸರೆ ಬೇಕಂತೆ. ಒಂಟಿತನ ಅನಿಸ್ತಾ ಇರಬಹುದು." ಡಾಕ್ಟ್ರ ತಲೆ ಆಡ್ಸಿ ಬರಕ್ಕೊಂಡ.

ಆನು ಹೆರ ಕಾಪಿ ತಪ್ಪಲೆ ಹೋಗಿತ್ತಿದ್ದೆ, ಬಪ್ಪಗ ಅಕೇರಿಯಾಣ ಮಾತು ಕೆಮಿಗೆ ಬಿದ್ದತ್ತು. ಆಸರೆ ಅಲ್ಲ ಮಾರಾಯ್ರೇ, ಆಸರು! ಬಾಯಾರಿಕೆ! ನೀರು ಕೇಳ್ತಾ ಇಪ್ಪದು! ಹತ್ತು ದಿನಂದ ಆ ಹೆಮ್ಮಕ್ಕೊ ನೀರು ಕೇಳಿದ್ದು, ಐದಕ್ಕೆ ಐದು ಗುಡ್ ಇಪ್ಪ ಮನೆಲಿ, ಮೇಗಾಣ ತರಗತಿಯ ಊರಿಲಿ. ಜೀವಮಾನ ಪೂರಾ ಬಂದ ನೆಂಟ್ರಿಂಗೆಲ್ಲ ಆಸರಿಂಗೆ ಎಂತ ಬೇಕು ಕೇಳಿದ ಜೆನ.

ಈಗ ಹೇಳಿ ಭಾವ, ಮಾರ್ಕು ತಪ್ಪೋ? ಆನು ಹೇಳುದು ಕೇಳಿ: ಮಾರ್ಕು ತಪ್ಪಲ್ಲ. ಅದು ಅಳದ್ದರ ಸರಿಯಾಗಿಯೇ ಅಳದ್ದು. ಪಟ್ಟಿಲಿ ದೊಡ್ಡಮ್ಮನ ಹೆಸರು ಇತ್ತು. ವರ್ಷಕ್ಕೊಂದರಿ ಪರಿಶೀಲನೆ ಆಗಿತ್ತು. ದಿನಚರಿಲಿ ಖಾಲಿ ಮನೆ ಇತ್ತಿಲ್ಲೆ. ಎಲ್ಲವೂ ಸರಿ ಇತ್ತು. ಆಸರು ಮಾಂತ್ರ ಎಲ್ಲಿಯೂ ಲೆಕ್ಕಕ್ಕೆ ಬೈಂದಿಲ್ಲೆ.

ಪರೀಕ್ಷೆ ಮಾಡ್ಲೆ ಬಪ್ಪವರ ವಿಷಯ ಕೇಳಿರೆ ಇನ್ನೂ ಚೆಂದ. ದೊಡ್ಡಮ್ಮನ ಸೇರ್ಸುವಗ ಬಾಗಿಲಿಲಿ ಇದ್ದ ಆ ಗುಡ್ ಯೇವಗಾಣದ್ದು ಹೇಳಿ ಮತ್ತೆ ತಾರೀಕು ನೋಡಿದೆ. ನಾಲ್ಕು ವರ್ಷ ಹಳತ್ತು. ಅದರಿಂದ ಮತ್ತೆ ಮ್ಯಾನೇಜರು ಎರಡು ಸರ್ತಿ ಬದಲಾಗಿತ್ತಿದ್ದವು, ಮಾರ್ಕು ತೆಗದ ಕಾಲದ ಕೆಲಸದವರಲ್ಲಿ ಒಳುದ್ದು ಅಡಿಗೆಯವ ಒಬ್ಬನೇ. ಇದು ಎಂಗಳ ಒಬ್ಬರ ಕರ್ಮ ಹೇಳಿ ಗ್ರೇಶಿತ್ತಿದ್ದೆ. 2024ರಲ್ಲಿ ಸರಕಾರವೇ ಪೆನ್ನಿ ಡ್ಯಾಶ್ ಹೇಳ್ತ ಡಾಕ್ಟ್ರ ಹತ್ರೆ ಸಿಕ್ಯುಸಿಯನ್ನೇ ಪರೀಕ್ಷೆ ಮಾಡ್ಸಿತ್ತು. ಜುಲೈಲಿ ಬಂದ ಮಧ್ಯಂತರ ವರದಿಲಿ ಇಪ್ಪದು: ಸಿಕ್ಯುಸಿ ಪರೀಕ್ಷೆ ಮಾಡ್ಲೆ ಅಧಿಕಾರ ಇಪ್ಪ ಜಾಗೆಗಳಲ್ಲಿ ಐದರಲ್ಲಿ ಒಂದಕ್ಕೆ ಇಷ್ಟರವರೆಗೆ ಮಾರ್ಕೇ ಕೊಟ್ಟಿದವಿಲ್ಲೆ. ಕೆಲವಕ್ಕೆ ಕೊಟ್ಟು ಎಷ್ಟೋ ವರ್ಷ ಆತು, ಪುನಾ ಹೋಗಿ ನೋಡಿದ್ದವಿಲ್ಲೆ. ಕೇರ್ ಹೋಮು ನೋಡ್ಲೆ ಹೋದ ಒಬ್ಬ ಇನ್‌ಸ್ಪೆಕ್ಟರು ಅದುವರೆಗೆ ಡಿಮೆನ್ಶಿಯಾ ಇಪ್ಪ ಒಬ್ಬ ಮನುಷ್ಯನನ್ನೂ ಕಂಡಿತ್ತಿದ್ದವಿಲ್ಲೆ. ಆರೋಗ್ಯ ಮಂತ್ರಿ ವೆಸ್ ಸ್ಟ್ರೀಟಿಂಗ್ ಈ ಸಂಸ್ಥೆ ಅದರ ಕೆಲಸಕ್ಕೆ ಯೋಗ್ಯ ಆಗಿ ಇಲ್ಲೆ ಹೇಳಿ ಬಾಯಿಬಿಟ್ಟು ಹೇಳಿದವು.

ಅಡಕ್ಕೆ ತೋಟ ಇಪ್ಪ ನವಗೆ ಇದು ಅರ್ಥ ಆಗದ್ದೆ ಇಕ್ಕೋ? ನಮ್ಮಲ್ಲಿಯೂ ದರ್ಜೆ ಇದ್ದು: ಹಳೆ ಚೋಲು, ಹೊಸ ಚೋಲು, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಅದರ ನೋಡುವವ ಅಡಕ್ಕೆಯ ಕೊಚ್ಚಿ ಒಳ ಹೇಂಗಿದ್ದು ಹೇಳಿ ನೋಡ್ತ. ಗೋಣಿಯ ಮೇಗೆ ಯಜಮಾನ ಬರದ ಚೀಟಿಯ ಓದಿ ಧಾರಣೆ ಹೇಳ್ತಿಲ್ಲೆ. ಅಡಕ್ಕೆಯನ್ನೇ ಕಾಣದ್ದವನ ಆ ಕೆಲಸಕ್ಕೆ ಕೂರ್ಸುತ್ತೂ ಇಲ್ಲೆ.

ಇನ್ನೊಂದು ಹೊಡೆಯ ಮಾತೂ ಹೇಳೆಕ್ಕು, ಇಲ್ಲದ್ದರೆ ಭಾವ ಬಿಡವು. ಮಾರ್ಕು ಇಲ್ಲದ್ದರೆ ಇದರಿಂದಲೂ ಹಾಳಕ್ಕು ಹೇಳುಗು ಅವು. ಅರ್ಧ ಒಪ್ಪುತ್ತೆ. ಇನ್‌ಅಡಿಕ್ವೇಟ್ ಹೇಳಿ ಬಂದ ಜಾಗೆಗೆ ಹೋಪಲಾಗ. ಪರೀಕ್ಷೆಯ ದಿನವೇ ಅಷ್ಟು ಹಾಳು ಕಂಡರೆ ಬಾಕಿ ದಿನ ಹೇಂಗಿಕ್ಕು? ಕೆಳಾಣ ಮಾರ್ಕಿನ ನಂಬುಲಕ್ಕು. ಎನ್ನ ತಕರಾರು ಮೇಗಾಣ ಮಾರ್ಕಿನ ಮೇಗೆ. "ಹಾಳು ಕಂಡಿದಿಲ್ಲೆ" ಹೇಳುದಕ್ಕೂ "ಒಳ್ಳೆದು" ಹೇಳುದಕ್ಕೂ ತುಂಬಾ ಅಂತರ ಇದ್ದು, ಆ ಅಂತರಲ್ಲಿಯೇ ದೊಡ್ಡಮ್ಮ ಬಿದ್ದದು. ಮತ್ತೆ, ಒಂದು ಶಬ್ದದ ಮಾರ್ಕಿಂದ ಅದರ ಹಿಂದೆ ಇಪ್ಪ ಇಪ್ಪತ್ತು ಪುಟದ ವರದಿಲಿ ಹೆಚ್ಚು ಸತ್ಯ ಇರ್ತು. ಅದರ ಆರೂ ಓದ್ತವಿಲ್ಲೆ. ಆನೂ ಓದಿತ್ತಿದ್ದಿಲ್ಲೆ. ಅದರಲ್ಲಿ ಹದಿನಾಲ್ಕನೇ ಪುಟಲ್ಲಿ "ಕೆಲವು ನಿವಾಸಿಗಳಿಗೆ ಊಟಕ್ಕೆ ಸಹಾಯ ಸಿಗಲು ತಡವಾಯಿತು" ಹೇಳಿ ಒಂದು ಗೆರೆ ಇತ್ತು.

ಮಾರ್ಕಿಂಗಾಗಿ ಬದ್ಕುಲೆ ಶುರುಮಾಡಿರೆ ಎಂತಕ್ಕು ಹೇಳುದಕ್ಕೆ ಅಮೇರಿಕವ ನೋಡಿ. ಅಲ್ಲಿ 2008ರಿಂದ ನರ್ಸಿಂಗ್ ಹೋಮುಗೊಕ್ಕೆ ಹೋಟ್ಳಿನ ಹಾಂಗೆ ಒಂದರಿಂದ ಐದು ನಕ್ಷತ್ರ ಕೊಡ್ತವು. ಡಿಮೆನ್ಶಿಯಾದವಕ್ಕೆ ಗಲಾಟೆ ಮಾಡದ್ದ ಹಾಂಗೆ ಮಂಕು ಹಿಡಿಶುವ ಮದ್ದು ಕೊಡುದು ಕೆಟ್ಟದು. ಬ್ರಿಟನ್ನಿಲಿ 2009ರಲ್ಲಿ ಪ್ರೊಫೆಸರ್ ಸುಬೆ ಬ್ಯಾನರ್ಜಿ ಬರದ ವರದಿಲಿ, ಆ ನಮೂನೆ ಮದ್ದಿಂದ ವರ್ಷಕ್ಕೆ ಸುಮಾರು 1,800 ಜೆನ ಹೆಚ್ಚಿಗೆ ಸಾಯ್ತವು ಹೇಳಿ ಅಂದಾಜು ಮಾಡಿತ್ತಿದ್ದವು. ಹಾಂಗಾಗಿ ಅಮೇರಿಕಲ್ಲಿ ಆ ಮದ್ದು ಹೆಚ್ಚು ಕೊಟ್ಟರೆ ನಕ್ಷತ್ರ ಕಮ್ಮಿ. ಆದರೆ ಸ್ಕಿಝೋಫ್ರೇನಿಯಾ ಇಪ್ಪವಕ್ಕೆ ಕೊಟ್ಟರೆ ಲೆಕ್ಕಕ್ಕೆ ಹಿಡಿತ್ತವಿಲ್ಲೆ. ಕೆಲವು ಮನೆಗೊ ಎಂತ ಮಾಡಿದವು? ಮದ್ದು ಕಮ್ಮಿ ಮಾಡಿದ್ದವಿಲ್ಲೆ, ಎಂಬತ್ತು ವರ್ಷದ ಅಜ್ಜಿಯಕ್ಕೊಗೆ ಇಲ್ಲದ್ದ ಸ್ಕಿಝೋಫ್ರೇನಿಯಾ ಬರದವು! 2023ರ ಜನವರಿಲಿ ಅಲ್ಲಿಯಾಣ ಸರಕಾರ ಇದರ ತನಿಖೆ ಮಾಡ್ತೆಯೊ ಹೇಳಿ ಘೋಷಣೆ ಮಾಡೆಕ್ಕಾಗಿ ಬಂತು. ನಕ್ಷತ್ರ ಒಳುಶುಲೆ ಒಂದು ಮನುಷ್ಯನ ಮೇಗೆ ಇಲ್ಲದ್ದ ರೋಗ ಹೊರ್ಸಿದವು.

ನಮ್ಮ ದೇಶಲ್ಲಿ 60 ದಾಂಟಿದವರಲ್ಲಿ ಸುಮಾರು 88 ಲಕ್ಷ ಜೆನಕ್ಕೆ ಡಿಮೆನ್ಶಿಯಾ ಇದ್ದು ಹೇಳಿ 2023ರಲ್ಲಿ ಬಂದ ಒಂದು ಅಧ್ಯಯನ ಲೆಕ್ಕ ಹಾಕಿದ್ದು. ಇಷ್ಟು ಜೆನ ಇದ್ದ ಮತ್ತೆ ಇಂದಲ್ಲ ನಾಳೆ ನಮ್ಮಲ್ಲಿಯೂ ನಕ್ಷತ್ರ ಬಕ್ಕು. ಬಂದಪ್ಪಗ ಎಂತರ ಅಳಗು? ಹಾಸಿಗೆ ಎಷ್ಟು, ಕೆಮರ ಎಷ್ಟು, ಲಿಫ್ಟು ಇದ್ದೋ, ನೆಲಕ್ಕೆ ಟೈಲ್ಸು ಇದ್ದೋ. ಅಳವಲೆ ಸುಲಭ ಇಪ್ಪದರ ಅಳಗು.

ಹಾಂಗೆ ಹೇಳಿ "ಇದಕ್ಕೇ ಮನೆಲೇ ನೋಡೆಕ್ಕು ಹೇಳುದು" ಹೇಳಿ ಎದ್ದು ಬಪ್ಪವಕ್ಕೂ ಒಂದು ಮಾತು. ಚಾವಡಿಲಿ ಕೂದು ಹಾಂಗೆ ಹೇಳುವವರಲ್ಲಿ ಇರುಳು ಎರಡು ಗಂಟೆಗೆ ಎದ್ದು ಅಬ್ಬೆಯ ವಸ್ತ್ರ ಬದಲುಸಿದವು ಎಷ್ಟು ಜೆನ? ಆ ಮನೆಗೆ ಮಾರ್ಕು ಕೊಡುವವು ಆರು? ಬಾಗಿಲಿಂಗೆ ಹೆರಂದ ಚಿಲಕ ಹಾಕಿ ಗೆದ್ದೆಗೆ ಹೋದ ಮನೆಗಳ ಆನು ಕಂಡಿದೆ. ಅಲ್ಲಿಯಾಣ ಸೊಸೆಗೆ ಬೈವಲೆ ಎನಗೆ ಬಾಯಿ ಬತ್ತಿಲ್ಲೆ. ಮನೆ ಹೇಳಿರೆ ಗುಡ್, ಆಶ್ರಮ ಹೇಳಿರೆ ಇನ್‌ಅಡಿಕ್ವೇಟ್ ಹೇಳುದೂ ಒಂದು ಕುರುಡು ಮಾರ್ಕೇ.

ಅಂಬಗ ಎಂತ ಮಾಡೆಕ್ಕು ಹೇಳಿ ಭಾವ ಕೇಳುಗು. ಉದಿಯಪ್ಪಗ ಹನ್ನೊಂದಕ್ಕೆ ಹೇಳಿಕ್ಕಿ ಹೋಗೆಡಿ. ಅಂಬಗ ಎಲ್ಲೋರೂ ಮಿಂದು ತಲೆ ಬಾಚಿ ಕೂದಿರ್ತವು. ಹೊತ್ತೋಪಗ ಆರಕ್ಕೆ, ಹೇಳದ್ದೆ ಹೋಗಿ. ಮರೆವಿನವಕ್ಕೆ ಹೊತ್ತು ಕಂತುವಗ ತಳಮಳ ಜಾಸ್ತಿ, ಕೆಲಸದವಕ್ಕೆ ಅಂಬಗಳೇ ಪಾಳಿ ಬದಲಪ್ಪ ಗಡಿಬಿಡಿ. ಒಂದು ಕುರ್ಚಿಲಿ ಅರ್ಧ ಗಂಟೆ ಸುಮ್ಮನೆ ಕೂರಿ. ಮೇಜಿನ ಮೇಗೆ ಮಡಿಗಿದ ಕಪ್ಪುಗಳ ನೋಡಿ. ತುಂಬಿದ ಹಾಂಗೆ ತಣುದು ಕೂದಿದ್ದರೆ ಅದುವೇ ನಿಂಗಳ ವರದಿ. ಇರುಳು ಎಷ್ಟು ಜೆನ ಇರ್ತವು ಕೇಳಿ. ಇಪ್ಪವರಲ್ಲಿ ಒಬ್ಬ ಅಜ್ಜಿಯ ತೋರ್ಸಿ, ಇವು ಮದಲು ಎಂತ ಮಾಡಿಗೊಂಡಿತ್ತಿದ್ದವು, ನೀರು ಬೇಕಾರೆ ಇವು ಹೇಂಗೆ ಕೇಳ್ತವು ಹೇಳಿ ಅಲ್ಲಿ ಕೆಲಸ ಮಾಡುವ ಕೂಸಿನ ಹತ್ರೆ ಕೇಳಿ. ಮ್ಯಾನೇಜರಿನ ಹತ್ರೆ ಬೇಡ.

ದೊಡ್ಡಮ್ಮಂಗೆ ಹಾಂಗಿಪ್ಪ ಒಂದು ಕೂಸು ಸಿಕ್ಕಿತ್ತು. ಕಣ್ಣೂರಿನ ಹೊಡೆಯ ಮಲಯಾಳಿ. ಆಸ್ಪತ್ರೆಂದ ಬಂದ ಮತ್ತೆ ಆನು ಒಂದು ದೊಡ್ಡ ಕಾಗದಲ್ಲಿ ಹನ್ನೆರಡು ಶಬ್ದ ಬರದು ಹಾಸಿಗೆಯ ತಲೆ ಹೊಡೆಲಿ ಅಂಟುಸಿದೆ, ಇಂಗ್ಲೀಷು ಅಕ್ಷರಲ್ಲಿ: ಆಸರು ಹೇಳಿರೆ ನೀರು ಬೇಕು, ಬೇನೆ ಹೇಳಿರೆ ನೋವು, ಚಳಿ, ಹಶು, ಒರಕ್ಕು. ಎಲ್ಲೋರೂ ಓದಿದವು. ಆ ಕೂಸು ಮಾಂತ್ರ ಒಂದು ವಾರಲ್ಲಿ ಬಾಯಿಪಾಠ ಮಾಡಿ, ಕೋಣೆಗೆ ಬಪ್ಪಗಳೇ "ಆಸರಿಂಗೆ ಎಂತ ಬೇಕು ಅಮ್ಮಾ?" ಹೇಳಿ ಕೇಳುಲೆ ಶುರುಮಾಡಿತ್ತು. ದೊಡ್ಡಮ್ಮ ಪೂರ್ತಿ ಗ್ಲಾಸು ಕುಡುದತ್ತು. ಒಂದು ದಿನ ತಿರುಗಿ "ನಿನಗೋ?" ಹೇಳಿ ಕೇಳಿತ್ತಡ. ಆರು ತಿಂಗಳು ಕಳುದ ಮತ್ತೆ ಆ ಕೂಸು ಬೇರೆ ಊರಿಂಗೆ ಹೋತು, ಅಲ್ಲಿ ಗಂಟೆಗೆ ಒಂದು ಪೌಂಡು ಹೆಚ್ಚು ಕೊಡ್ತವು ಹೇಳಿ. ಅದು ಇತ್ತು ಹೇಳಿಯೂ, ಹೋತು ಹೇಳಿಯೂ ಯೇವ ಮಾರ್ಕಿಲಿಯೂ ಇಲ್ಲೆ.

ಈ ವರ್ಷ ಆ ಮನೆಗೆ ಪುನಾ ಪರೀಕ್ಷೆ ಆತು. ಪುನಾ ಗುಡ್. ಊರಿಂದ ಬಂದ ಮರುದಿನ ಆನು ದೊಡ್ಡಮ್ಮನ ನೋಡ್ಲೆ ಹೋದೆ, ತಲೆ ಹೊಡೆಯ ಗೋಡೆ ಖಾಲಿ. ಕಾಗದ ಎಲ್ಲಿ ಕೇಳಿದೆ. ಇನ್‌ಸ್ಪೆಕ್ಟರು ಬಪ್ಪ ಮದಲು ತೆಗದ್ದಡ. ಗೋಡೆಲಿ ಬರೇ ಕಾಗದ ಅಂಟುಸುಲಾಗ, ಉದ್ದಿ ಕ್ಲೀನು ಮಾಡ್ಲೆ ಎಡಿತ್ತಿಲ್ಲೆ, ಮಾರ್ಕು ಕಮ್ಮಿ ಅಕ್ಕು ಹೇಳಿದವು.

ಮನೆಗೆ ಬಂದು ಪುನಾ ಬರದೆ. ಈ ಸರ್ತಿ ಪೇಟೆಗೆ ಕೊಂಡೋಗಿ ಲ್ಯಾಮಿನೇಟು ಮಾಡ್ಸಿದೆ, ನಾಲ್ಕು ಮೂಲೆಗೂ ಸ್ಕ್ರೂ ಹಾಕ್ಸಿದೆ. ಬಪ್ಪ ಆಯಿತ್ಯವಾರ ಹೋಪಗ ಇದ್ದೋ ನೋಡೆಕ್ಕು.